ಬಡಿಸುವವ ನಮ್ಮವನಾದರೆ

ಆರನೆಯ ರಾತ್ರಿಯ ಊಟ ಮುಗಿಯುವ ಹೊತ್ತಿಗೆ ಸಭಾಂಗಣದ ದೀಪಗಳು ಮಂದವಾದವು. ಧ್ವನಿವರ್ಧಕದಲ್ಲಿ ಅಬ್ಬರದ ಸಂಗೀತ ಆರಂಭವಾಯಿತು. ಅಡುಗೆಮನೆಯ ಬಾಗಿಲಿನಿಂದ ಬಾಣಸಿಗರೂ ವೇಟರುಗಳೂ ಸಾಲಾಗಿ ಹೊರಬಂದು ಮೇಜುಗಳ ನಡುವೆ ಕುಣಿಯುತ್ತಾ ಸಾಗಿದರು. ಅವರ ಕೈಯಲ್ಲಿ 'ಬೇಕ್ಡ್ ಅಲಾಸ್ಕ' ಎಂಬ ಸಿಹಿಯ ತಟ್ಟೆಗಳು. ಐಸ್‌ಕ್ರೀಮಿನ ಮೇಲೆ ಸಕ್ಕರೆ ಬೆರೆಸಿ ನೊರೆಗಟ್ಟಿಸಿದ ಮೊಟ್ಟೆಯ ಬಿಳಿಯನ್ನು ಹೊದಿಸಿ, ಮೇಲ್ಭಾಗವನ್ನಷ್ಟೇ ಕೆಂಪಗೆ ಸುಟ್ಟ ತಿನಿಸು ಅದು. 1867ರಲ್ಲಿ ಅಮೆರಿಕ ರಷ್ಯಾದಿಂದ ಅಲಾಸ್ಕವನ್ನು ಕೊಂಡ ನೆನಪಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಪ್ರಯಾಣಿಕರೆಲ್ಲ ಎದ್ದು ನಿಂತು ಕೈವಸ್ತ್ರಗಳನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿದರು. ನಾನೂ ತಿರುಗಿಸಿದೆ. ಐದು ನಿಮಿಷದ ಹಿಂದೆ ನಮ್ಮ ಮೇಜಿನ ಎಂಜಲು ತಟ್ಟೆಗಳನ್ನು ಭುಜದ ಮೇಲೆ ಹೊತ್ತೊಯ್ದಿದ್ದ ಹುಡುಗ ಆ ಸಾಲಿನಲ್ಲಿದ್ದ. ಅವನ ಹಣೆಯ ಬೆವರು ಇನ್ನೂ ಆರಿರಲಿಲ್ಲ. ಮುಖದ ಮೇಲೆ ಮಾತ್ರ ಅಗಲವಾದ ನಗು.

2023ರ ಜುಲೈನಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅವನೇ ಏರ್ಪಡಿಸಿದ್ದ ವಿಹಾರ ಅದು. ಸಿಯಾಟಲ್‌ನಿಂದ ಹೊರಟು ಅಲಾಸ್ಕದ ಕೆಚಿಕನ್, ಜೂನೋ ಊರುಗಳನ್ನೂ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯನ್ನೂ ತೋರಿಸಿ, ಹಿಂತಿರುಗುವಾಗ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವ ಏಳು ರಾತ್ರಿಗಳ ಪ್ರಯಾಣ. ಅಮೆರಿಕದ ಊರಿನಿಂದ ಹೊರಟು ಅಮೆರಿಕದ ಊರುಗಳನ್ನು ನೋಡಿ ಬರುವ ಹಡಗು ಕೆನಡಾದಲ್ಲಿ ಏಕೆ ನಿಲ್ಲಬೇಕು? ಉತ್ತರ 1886ರ ಒಂದು ಕಾನೂನಿನಲ್ಲಿದೆ. ಪರದೇಶದ ಧ್ವಜ ಹೊತ್ತ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಅಮೆರಿಕನ್ನರೇ ತುಂಬಿರುವ ಈ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ತೆರಿಗೆಯ ಅನುಕೂಲ ಒಂದು ಕಾರಣ. ಅಮೆರಿಕದ ಕನಿಷ್ಠ ಕೂಲಿಯ ನಿಯಮ ಅಲ್ಲಿ ಕೆಲಸ ಮಾಡುವವರಿಗೆ ಅನ್ವಯಿಸುವುದಿಲ್ಲ ಎಂಬುದು ಇನ್ನೊಂದು.

ಸಮುದ್ರಯಾನ ಎಂಬುದು ಬಹುಕಾಲ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಕಷ್ಟದ ದಾರಿಯಾಗಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ಹಡಗುಗಳು ಖಾಲಿ ನಿಲ್ಲುವುದನ್ನು ಕಂಡ ಜರ್ಮನಿಯ ಆಲ್ಬರ್ಟ್ ಬಾಲಿನ್, 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ' ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಬರೀ ವಿಹಾರಕ್ಕೆಂದು ಕಳುಹಿಸಿದ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ದಾರಿಯಾಗಿ ಹಡಗಿನ ಅಗತ್ಯ ಮುಗಿಯಿತು. ಆಗ ಹಡಗೇ ಊರಾಯಿತು. 1977ರಿಂದ ಸುಮಾರು ಒಂಬತ್ತು ವರ್ಷ ಓಡಿದ 'ದಿ ಲವ್ ಬೋಟ್' ಎಂಬ ಟಿವಿ ಧಾರಾವಾಹಿ ಅಮೆರಿಕದ ಮಧ್ಯಮ ವರ್ಗಕ್ಕೆ ಈ ಊರಿನ ಆಸೆ ಹಚ್ಚಿತು. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗು 7,600 ಪ್ರಯಾಣಿಕರನ್ನು ಹೊರಬಲ್ಲದು. ಅವರ ಸೇವೆಗೆ 2,350 ಸಿಬ್ಬಂದಿ. ನಮ್ಮ ಅನೇಕ ಹೋಬಳಿ ಕೇಂದ್ರಗಳಿಗಿಂತ ದೊಡ್ಡ ಊರು ಅದು. ಆದರೆ ಆ ಊರಿನಲ್ಲಿ ತಿನ್ನುವುದು ಮತ್ತು ನೋಡುವುದು ಬಿಟ್ಟರೆ ಪ್ರಯಾಣಿಕನಿಗೆ ಬೇರೆ ಕಸುಬಿಲ್ಲ.

ನಮ್ಮ ಹಡಗು ಅಷ್ಟು ದೊಡ್ಡದಲ್ಲದಿದ್ದರೂ ದಿನಚರಿ ಅದೇ. ಮರುದಿನದ ಕಾರ್ಯಕ್ರಮಗಳ ಪಟ್ಟಿ ರಾತ್ರಿಯೇ ಕೋಣೆಗೆ ಬಂದು ಬೀಳುತ್ತಿತ್ತು. ಬೆಳಿಗ್ಗೆ ಆರರಿಂದ ಬಫೆ. ಅದರ ಬಾಗಿಲಲ್ಲಿ ಒಬ್ಬ ಹುಡುಗಿ ಕೈತೊಳೆಯುವ ದ್ರಾವಣ ಹಿಡಿದು 'ವಾಶಿ ವಾಶಿ' ಎಂದು ರಾಗವಾಗಿ ಹಾಡುತ್ತಿದ್ದಳು. ಮುಚ್ಚಿದ ಊರಿನಲ್ಲಿ ಒಬ್ಬರಿಂದ ಎಲ್ಲರಿಗೂ ಹಬ್ಬುವ ನೋರೊವೈರಸ್‌ನ ವಾಂತಿಭೇದಿಯನ್ನು ತಡೆಯಲು ಹುಟ್ಟಿದ ಹಾಡು ಅದು. ಹತ್ತಕ್ಕೆ ರಸಪ್ರಶ್ನೆ, ಹನ್ನೊಂದಕ್ಕೆ ಚಿತ್ರಕಲೆಗಳ ಹರಾಜು, ಮಧ್ಯಾಹ್ನ ಬಿಂಗೊ, ಸಂಜೆ ಪಿಯಾನೊ, ರಾತ್ರಿ ಎರಡು ಪ್ರದರ್ಶನಗಳ ರಂಗಮಂದಿರ. ತೀರ ದೂರವಾದ ಮೇಲೆ ಕ್ಯಾಸಿನೊ ತೆರೆಯುತ್ತಿತ್ತು. ಸಾವಿರ ಜನ ಕೂರುವ ರಂಗಮಂದಿರದಲ್ಲಿ ಹಾಡುವವರ ಕಾಲಡಿಯ ವೇದಿಕೆ ಅಲೆಗೆ ತುಸು ವಾಲಿದರೂ ಅವರ ಹೆಜ್ಜೆ ತಪ್ಪುತ್ತಿರಲಿಲ್ಲ. ಅವರ ಶ್ರಮವನ್ನು ಹೀಗಳೆಯಲಾರೆ. ಮೊದಲ ಎರಡು ದಿನ ಮಕ್ಕಳಂತೆ ಸಂತೋಷಪಟ್ಟೆವು ಎಂಬುದೂ ನಿಜ.

ತೊಂದರೆ ಇದ್ದದ್ದು ನನ್ನ ಪತ್ನಿಗೆ. ಮೊಟ್ಟೆಯನ್ನೂ ಮುಟ್ಟದ ಅವಳು ನೂರು ತಿನಿಸುಗಳ ಬಫೆಯ ಮುಂದೆ ಬ್ರೆಡ್ಡು, ಹಣ್ಣು, ಹಸಿ ಸೊಪ್ಪು ಹಿಡಿದು ನಿಲ್ಲುತ್ತಿದ್ದಳು. ರಾತ್ರಿಯ ಊಟದ ಪಟ್ಟಿಯಲ್ಲಿ 'ಭಾರತೀಯ ಸಸ್ಯಾಹಾರಿ' ಎಂಬ ಒಂದು ಸಾಲು ಇತ್ತು. ಬಂದದ್ದು ಕೆನೆಯಲ್ಲಿ ಮುಳುಗಿದ ಪನೀರು. ಎರಡನೆಯ ರಾತ್ರಿ 'ಒಂದು ತುತ್ತು ಸಾರನ್ನ ಸಿಕ್ಕಿದ್ರೆ ಸಾಕಿತ್ತು' ಎಂದು ಅವಳು ನನ್ನೊಡನೆ ಹೇಳಿದ್ದನ್ನು ನೀರಿನ ಲೋಟ ತೆಗೆಯುತ್ತಿದ್ದ ವೇಟರ್ ಕೇಳಿಸಿಕೊಂಡ. ಎದೆಯ ಮೇಲಿನ ಫಲಕದಲ್ಲಿ ಅವನ ಹೆಸರು, ಅದರ ಕೆಳಗೆ 'ಇಂಡಿಯಾ'.

'ಸರ್, ಕನ್ನಡದವ್ರಾ? ನಂದು ಕುಂದಾಪುರ ಬದಿ' ಎಂದ. ಆಮೇಲೆ ಅವಳ ಕಡೆ ತಿರುಗಿ, 'ಅಮ್ಮ, ನಾಳೆ ರಾತ್ರಿ ನೋಡಿ' ಎಂದು ಹೇಳಿ ಹೋದ.

ಮರುರಾತ್ರಿ ಮುಚ್ಚಿದ ಬಟ್ಟಲಿನಲ್ಲಿ ಅನ್ನ, ಇನ್ನೊಂದರಲ್ಲಿ ತಿಳಿಸಾರು ಬಂದವು. ಪ್ರಯಾಣಿಕರ ಅಡುಗೆಮನೆಯದಲ್ಲ, ಸಿಬ್ಬಂದಿಯ ಊಟದ ಮನೆಯದು. ಅಲ್ಲಿ ಗೋವಾ, ಮುಂಬಯಿ, ಮಂಗಳೂರು ಕಡೆಯ ಹುಡುಗರು ಬೇಕಾದಷ್ಟು ಇರುವುದರಿಂದ ಬೇಳೆ, ಅನ್ನ ದಿನವೂ ಬೇಯುತ್ತದಂತೆ. ಒಗ್ಗರಣೆಯನ್ನು ತನ್ನ ಗೆಳೆಯನಿಂದ ಬೇರೆಯಾಗಿ ಹಾಕಿಸಿದ್ದ. ಪತ್ನಿಯ ಕಣ್ಣು ತುಂಬಿತು. ನಾನು ನಕ್ಕು ನಮ್ಮ ಹಳೆಯ ಗಾದೆಯನ್ನು ನೆನಪಿಸಿದೆ: ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು?

ಅಂದಿನಿಂದ ಅವನೊಡನೆ ಮಾತು ಬೆಳೆಯಿತು, ಅದೂ ತಟ್ಟೆ ಇಡುವ, ತೆಗೆಯುವ ನಡುವಿನ ಅರೆ ನಿಮಿಷಗಳಲ್ಲಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಎಂಟು ತಿಂಗಳ ಕರಾರು; ಅಷ್ಟು ದಿನವೂ ವಾರದ ರಜೆ ಎಂಬುದಿಲ್ಲ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ ಸೇರಿ ದಿನಕ್ಕೆ ಹತ್ತು ಹನ್ನೊಂದು ಗಂಟೆ. ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರ ವಾಸ. ಹಡಗಿನ ಉದ್ದಕ್ಕೂ ಸಿಬ್ಬಂದಿಗಷ್ಟೇ ಮೀಸಲಾದ ಒಂದು ಓಣಿ ಇರುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರನ್ನೇ ಅದಕ್ಕೆ ಇಟ್ಟು 'ಐ-95' ಎಂದು ಕರೆಯುತ್ತಾರೆ. ನಾವು ರತ್ನಗಂಬಳಿಯ ಮೇಲೆ ಓಡಾಡುತ್ತಿದ್ದಾಗ ನಮ್ಮ ಹಾಸಿಗೆಯ ಬಟ್ಟೆ, ತರಕಾರಿಯ ಪೆಟ್ಟಿಗೆ, ಕಸ ಎಲ್ಲವೂ ಕೆಳಗಿನ ಆ ಹೆದ್ದಾರಿಯಲ್ಲಿ ಸಾಗುತ್ತಿದ್ದವು.

ಕಾನೂನು ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕರ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಅದರ ಪ್ರಕಾರ ದುಡಿಮೆಯ ಗರಿಷ್ಠ ಮಿತಿ ವಾರಕ್ಕೆ 72 ಗಂಟೆ. ಅಥವಾ ವಿಶ್ರಾಂತಿಯ ಕನಿಷ್ಠ ಮಿತಿ ವಾರಕ್ಕೆ 77 ಗಂಟೆ. ಇವೆರಡರಲ್ಲಿ ಒಂದನ್ನು ಆಯಾ ದೇಶ ಆರಿಸಿಕೊಳ್ಳಬಹುದು. ವಾರದ 168 ಗಂಟೆಗಳಲ್ಲಿ 77 ಕಳೆದರೆ ಉಳಿಯುವುದು 91. ಎಂದರೆ ವಾರಕ್ಕೆ 91 ಗಂಟೆ ದುಡಿಸಿದರೂ ಕಾನೂನು ಮೀರದಂತೆ ದುಡಿಸಬಹುದು.

ಗ್ಲೇಸಿಯರ್ ಬೇ ತಲುಪಿದ ದಿನ ಹಡಗಿನ ಮನರಂಜನೆಗಳೆಲ್ಲ ಮಂಕಾದವು. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಿತು. ನೀಲಿ ಬೆರೆತ ಬಿಳಿಯ ಗೋಡೆಯಿಂದ ಒಂದು ಚೂರು ಕಳಚಿ ನೀರಿಗೆ ಬಿತ್ತು; ಕಣ್ಣಿಗೆ ಕಂಡು ಎಷ್ಟೋ ಹೊತ್ತಿನ ಮೇಲೆ ಗುಡುಗಿನಂಥ ಸದ್ದು ಬಂತು. ಸಾವಿರಾರು ಜನ ಮೇಲಂತಸ್ತಿನಲ್ಲಿ ಮೌನವಾಗಿ ನಿಂತಿದ್ದೆವು. ಅಂದು ರಾತ್ರಿ ಆ ಹುಡುಗನನ್ನು, 'ನೀನೂ ನೋಡಿದೆಯೇನಪ್ಪಾ?' ಎಂದು ಕೇಳಿದೆ. 'ಸೀಸನ್ನಿನ ಮೊದಲ ಟ್ರಿಪ್ಪಿನಲ್ಲಿ ಹತ್ತು ನಿಮಿಷ ನೋಡ್ದೆ ಸರ್. ಈಗ ಗೆಸ್ಟುಗಳೆಲ್ಲ ಹೊರಗೆ ಇರ್ತಾರಲ್ಲ, ನಮಗೆ ಒಳಗೆ ಕೆಲಸ ಮುಗಿಸ್ಲಿಕ್ಕೆ ಅದೇ ಹೊತ್ತು' ಎಂದ. ದೂರಿನ ದನಿ ಇರಲಿಲ್ಲ. ಊರಿನಲ್ಲಿ ಮನೆಗೆ ತಾರಸಿ ಹಾಕಿಸುತ್ತಿದ್ದಾನೆ, ತಂಗಿಯ ಓದು ನಡೆದಿದೆ. ಅಲ್ಲಿ ಸಿಗದ ಸಂಬಳ ಇಲ್ಲಿ ಸಿಗುತ್ತದೆ. ಅವನನ್ನು ಕಂಡು ಮರುಗುವುದು ಅವನ ದುಡಿಮೆಗೆ ಮಾಡುವ ಅವಮಾನವೆಂದು ನನಗೂ ಅನ್ನಿಸಿತು.

ಆದರೆ ಈ ವ್ಯವಸ್ಥೆಯ ನಿಜರೂಪ ಕಷ್ಟಕಾಲದಲ್ಲಿ ಬಯಲಾದದ್ದನ್ನು ಮರೆಯಬಾರದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗು ಕೊರೊನಾದಿಂದಾಗಿ ದಿಗ್ಬಂಧನದಲ್ಲಿ ನಿಂತಿತು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಪ್ರಯಾಣಿಕರು ಆರೇ ಮಂದಿ. ಉಳಿದ 132 ಮಂದಿ ಸಿಬ್ಬಂದಿ. ಪ್ರಯಾಣಿಕರನ್ನು ಕೋಣೆಗಳಲ್ಲೇ ಇರಿಸಲಾಯಿತು. ಸಿಬ್ಬಂದಿ ಮಾತ್ರ ಎಂದಿನಂತೆ ಅಡುಗೆ ಮಾಡಿ, ಬಾಗಿಲು ಬಾಗಿಲಿಗೆ ಊಟ ಮುಟ್ಟಿಸಿ, ಹಂಚಿಕೊಂಡ ಕೋಣೆಗಳಿಗೆ ಮರಳಿ ಮಲಗುತ್ತಿದ್ದರು. ಆ ತಿಂಗಳ 9ರವರೆಗೆ ಸಿಬ್ಬಂದಿಯಲ್ಲಿ ದೃಢಪಟ್ಟ 20 ಪ್ರಕರಣಗಳಲ್ಲಿ 15 ಊಟೋಪಚಾರದ ವಿಭಾಗದವರವು ಎಂದು ಅನಂತರದ ತನಿಖೆ ತಿಳಿಸಿತು. ದಿಗ್ಬಂಧನದಲ್ಲೂ ಹಡಗಿನಲ್ಲಿ ಎರಡು ಪಂಕ್ತಿಗಳಿದ್ದವು.

ಇಷ್ಟೆಲ್ಲ ಬಲ್ಲ ನಾನು ಕೊನೆಯ ಸಂಜೆ ಮಾಡಹೊರಟಿದ್ದೇನು? ಹಡಗಿನಲ್ಲಿ ದಿನಕ್ಕೆ ತಲೆಗೆ 16 ಡಾಲರಿನಂತೆ 'ಟಿಪ್ಸ್' ತಾನಾಗಿಯೇ ಲೆಕ್ಕಕ್ಕೆ ಸೇರುತ್ತಿತ್ತು. ನಾಲ್ವರಿಗೆ ಏಳು ದಿನಕ್ಕೆ 448 ಡಾಲರ್. ರೂಪಾಯಿಗೆ ಬದಲಿಸಿ ನೋಡಿದರೆ ಸುಮಾರು 37 ಸಾವಿರ. ಬೇಡವೆಂದವರು ಸ್ವಾಗತ ಕಚೇರಿಗೆ ಹೋಗಿ ತೆಗೆಸಬಹುದಿತ್ತು. ವಿಕ್ಟೋರಿಯಾ ಬಿಡುವ ಹೊತ್ತಿಗೆ ಆ ಕಿಟಕಿಯ ಮುಂದೆ ಉದ್ದನೆಯ ಸಾಲು. 'ಸಂಬಳ ಕೊಡುವುದು ಕಂಪನಿಯ ಕೆಲಸ, ನಮ್ಮದೇಕೆ?' ಎಂದು ಮಗನಿಗೆ ಹೇಳಿ ನಾನೂ ಆ ಸಾಲಿನ ಕಡೆ ಹೊರಟೆ. ವಾದ ತಪ್ಪಾಗಿರಲಿಲ್ಲ. ಆದರೆ ಆ ವಾದದಿಂದ ಕಂಪನಿಗೆ ಕಾಸಿನ ನಷ್ಟವೂ ಇಲ್ಲ. ನಷ್ಟವಾಗುವುದು ಸಾರು ತಂದವನಿಗೆ. ಪತ್ನಿ ಒಂದೇ ಮಾತು ಕೇಳಿದಳು: 'ಆ ಹುಡುಗ ಕುಂದಾಪುರದವನು ಅಂತ ಅವನ ಕೈಗೆ ಬೇರೆ ನೋಟು ಕೊಡ್ತೀರಿ. ಇನ್ನೊಬ್ಬ ಹುಡುಗ ಇದಾನಲ್ಲ, ಅವನು?'

ನಮ್ಮ ಮೇಜಿಗೆ ಇನ್ನೊಬ್ಬ ಸಹಾಯಕ ವೇಟರ್ ಇದ್ದ. ಆರು ದಿನ ನೀರು ಹಾಕಿದವನು, ಬ್ರೆಡ್ಡು ತಂದವನು, ಮೇಜಿನ ಮೇಲಿನ ಚೂರುಗಳನ್ನು ಒರೆಸಿದವನು. ಅವನ ಹೆಸರು ಎದೆಯ ಮೇಲೆಯೇ ಇತ್ತು, ಕೆಳಗೆ 'ಇಂಡೊನೇಷ್ಯಾ'. ನಾನು ಒಮ್ಮೆಯೂ ಓದಿರಲಿಲ್ಲ. ಸಾಲಿನಿಂದ ಹಿಂದೆ ಬಂದು ಅಂದು ರಾತ್ರಿ ಮೊದಲ ಬಾರಿಗೆ ಅವನನ್ನು ಹೆಸರು ಹಿಡಿದು ಕರೆದೆ. ಬಾಲಿ ದ್ವೀಪದಲ್ಲಿ ಚೊಚ್ಚಲ ಮಗುವಿಗೆ ಇಡುವ ಹೆಸರಂತೆ ಅದು. ಅವನಿಗೂ ಒಂದು ಚೊಚ್ಚಲ ಮಗುವಿತ್ತು. ಅದು ಹುಟ್ಟಿದಾಗ ಅವನು ಕಡಲ ಮೇಲಿದ್ದನಂತೆ.

ನಮ್ಮ ಗಾದೆಯ ಕೊರತೆ ನನಗೆ ಕಂಡದ್ದು ಆಗ. ಬಡಿಸುವವ ನಮ್ಮವನಾದರೆ ನಮಗೇನು ಸಿಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನಮ್ಮವನಲ್ಲದವನು ಬಡಿಸಿದಾಗ ನಾವು ಹೇಗಿರಬೇಕು, ಅವನ ಊಟದ ಹೊತ್ತು ಯಾವುದು ಎಂದು ಕೇಳುವುದಿಲ್ಲ.

ಈ ಪ್ರಶ್ನೆ ಇನ್ನು ನಮ್ಮ ತೀರಗಳದೂ ಹೌದು. 2021ರ ಸೆಪ್ಟೆಂಬರ್‌ನಿಂದ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ದೊಡ್ಡ ವಿಹಾರನೌಕೆಯ ಯಾನಗಳು ಆರಂಭವಾದವು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಕ್ರೂಸ್ ಭಾರತ್ ಮಿಷನ್' ಪ್ರಾರಂಭಿಸಿ, 2029ರ ವೇಳೆಗೆ ವಿಹಾರನೌಕೆಗಳ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡಿತು. ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರಯಾಣಿಕರನ್ನು ನಾವು ಯಕ್ಷಗಾನದ ವೇಷದೊಂದಿಗೆ ಸ್ವಾಗತಿಸುತ್ತೇವೆ. ಒಳ್ಳೆಯದೇ. ಬಂದರಿನ ಕಟ್ಟೆ, ಸ್ವಾಗತದ ಕಮಾನು, ಪ್ರವಾಸಿಗರ ಖರ್ಚು ಇವುಗಳ ಲೆಕ್ಕ ಹಾಕುವಾಗ ಬಡಿಸುವವರ ವಾರದ ರಜೆ, ಟಿಪ್ಸ್ ಅವಲಂಬಿಸದ ಸಂಬಳ, ಕಿಟಕಿಯಿರುವ ಕೋಣೆ ಇವೂ ಆ ಲೆಕ್ಕದಲ್ಲಿ ಬರಲಿ. ಪರರ ಹಡಗಿನಲ್ಲಿ ನಮ್ಮ ಹುಡುಗರು ದುಡಿಯುತ್ತಿರುವುದನ್ನು ಕಂಡ ದೇಶ, ತನ್ನ ಹಡಗಿನಲ್ಲಿ ಅದೇ ಪಂಕ್ತಿಭೇದವನ್ನು ನಕಲು ಮಾಡಬೇಕಾಗಿಲ್ಲ.

ಸಿಯಾಟಲ್‌ನಲ್ಲಿ ಇಳಿಯುವ ಬೆಳಿಗ್ಗೆ ಪತ್ನಿ ತನ್ನ ಚೀಲದಲ್ಲಿ ಉಳಿದಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಆ ಹುಡುಗನಿಗೆ ಕೊಟ್ಟಳು. 'ಇಬ್ಬರೂ ತಿಂತೇವೆ ಅಮ್ಮ, ಇವನಿಗೂ ಖಾರ ಇಷ್ಟ' ಎಂದು ಪಕ್ಕದಲ್ಲಿದ್ದ ಬಾಲಿಯವನ ಹೆಗಲು ತಟ್ಟಿದ. ಮಾತಿಗೆ ಹೆಚ್ಚು ಸಮಯವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರಯಾಣಿಕರು ಹತ್ತುವವರಿದ್ದರು. ನಾವು ಬಾಗಿಲು ದಾಟುವ ಮೊದಲೇ ಅವರಿಬ್ಬರೂ ನಮ್ಮ ಮೇಜಿಗೆ ಬೇರೆ ಬಟ್ಟೆ ಹಾಸುತ್ತಿದ್ದರು.