ಕಣ್ಣಿಗೆ ಕಾಣದ ಮಿಣುಕು

ದೀಪಾವಳಿಯ ಇರುಳಿನಲ್ಲಿ ಮಕ್ಕಳು ಸುರುಸುರುಬತ್ತಿಯನ್ನು ರಭಸದಿಂದ ತಿರುಗಿಸಿದಾಗ ಕತ್ತಲೆಯಲ್ಲಿ ಬೆಳಕಿನ ಬಳೆಯೊಂದು ಮೂಡುತ್ತದೆ. ವಾಸ್ತವವಾಗಿ ಅಲ್ಲಿ ಬಳೆಯಿಲ್ಲ. ಇರುವುದು ಉರಿಯುವ ಒಂದು ತುದಿ ಮಾತ್ರ. ಪ್ರಾಚೀನರು ಈ ತೋರಿಕೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ತಿರುಗುವ ಕೊಳ್ಳಿಯನ್ನು ಅವರು ‘ಅಲಾತಚಕ್ರ’ವೆಂದು ಕರೆದರು, ಗೌಡಪಾದಾಚಾರ್ಯರ ಮಾಂಡೂಕ್ಯಕಾರಿಕೆಯ ಕೊನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂದೇ ಹೆಸರು. ವೇದಾಂತಿಗಳ ಈ ದೃಷ್ಟಾಂತ ಇಂದು ಮೇಜಿನ ಮೇಲೂ ಅಂಗೈಯಲ್ಲೂ ಬೆಳಗುತ್ತಿರುವ ಗಣಕಯಂತ್ರದ ಪರದೆಗೂ ಸಲ್ಲುತ್ತದೆ. ಒಂದೇ ಸಮನೆ ಬೆಳಗುವಂತೆ ತೋರುವ ಆ ಪರದೆ ಎಷ್ಟೋ ವೇಳೆ ಹತ್ತುತ್ತ, ಆರುತ್ತ, ಮತ್ತೆ ಹತ್ತುತ್ತ ಇರುತ್ತದೆ.

ದೀಪವೊಂದು ಸೆಕೆಂಡಿಗೆ ಹತ್ತು ಬಾರಿ ಹತ್ತಿ ಆರಿದರೆ ಅದರ ಮಿಣುಕು ಯಾರಿಗಾದರೂ ಕಾಣುತ್ತದೆ. ಆ ವೇಗ 50, 60ನ್ನು ದಾಟಿತೆಂದರೆ ಬಹುಮಂದಿಯ ಪಾಲಿಗೆ ಅದು ನಿಂತ ಬೆಳಕು. ಕಣ್ಣಿನ ಈ ಮಿತಿಯೇ ಚಲಚ್ಚಿತ್ರಕ್ಕೆ ಆಧಾರ. ಫಿಲ್ಮಿನ ಮೇಲೆ ಸೆಕೆಂಡಿಗೆ ಇರುವುದು 24 ಚಿತ್ರಗಳು. ಅಷ್ಟರಿಂದಲೇ ಮಿಣುಕು ಮರೆಯಾಗದಾದುದರಿಂದ, ಯಂತ್ರದೊಳಗೆ ತಿರುಗುವ ಮರೆತಟ್ಟೆ ಪ್ರತಿಯೊಂದು ಚಿತ್ರವನ್ನೂ ಎರಡು ಅಥವಾ ಮೂರು ಬಾರಿ ತೆರೆಯ ಮೇಲೆ ಬೆಳಗಿಸುತ್ತದೆ. ಗಾಜಿನ ದೊಡ್ಡ ಬುರುಡೆಯ ಹಳೆಯ ಗಣಕಗಳಲ್ಲಿ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತು. ನೇರ ನೋಟಕ್ಕೆ ನಿಶ್ಚಲವಾಗಿ ಕಂಡರೂ ಓರೆನೋಟಕ್ಕೆ ಅದು ನಡುಗುತ್ತಿತ್ತು. ಏಕೆಂದರೆ ಮಿಣುಕನ್ನು ಗುರುತಿಸುವುದರಲ್ಲಿ ಕಡೆಗಣ್ಣೇ ಹೆಚ್ಚು ಚುರುಕು.

ಚಪ್ಪಟೆ ಪರದೆಗಳು ಬಂದಾಗ ಈ ಕಾಟ ತೀರಿತೆಂದು ಜನ ಭಾವಿಸಿದರು. ಆದರೆ ಅದು ಬೇರೊಂದು ಬಾಗಿಲಿನಿಂದ ಒಳಗೆ ಬಂದಿತು. ನಲ್ಲಿಯ ನೀರನ್ನು ಅರ್ಧಕ್ಕೆ ಇಳಿಸಲು ಎರಡು ಉಪಾಯಗಳುಂಟು: ತಿರುಪನ್ನು ಅರ್ಧ ತಿರುಗಿಸಬಹುದು, ಇಲ್ಲವೇ ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಬೇಗಬೇಗನೆ ಹಾಗೆಯೇ ಮಾಡುತ್ತಿರಬಹುದು. ಪರದೆಯ ಬೆಳಕನ್ನು ತಗ್ಗಿಸಲು ಅನೇಕ ತಯಾರಕರು ಆರಿಸಿಕೊಂಡುದು ಈ ಎರಡನೆಯ ಉಪಾಯವನ್ನು. ಬೆಳಕು ತಗ್ಗಿದಷ್ಟೂ ಕತ್ತಲೆಯ ಕ್ಷಣಗಳು ನೀಳವಾಗುತ್ತವೆ. ಹಲವು ಫೋನುಗಳಲ್ಲಿ ಈ ಹತ್ತಿ ಆರುವ ಆಟ ಸೆಕೆಂಡಿಗೆ ಸುಮಾರು 240 ಬಾರಿ ನಡೆಯುತ್ತದೆ. ಇರುಳಿನಲ್ಲಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಮಬ್ಬು ಮಾಡಿಕೊಳ್ಳುವವನು, ತನಗರಿಯದೆಯೇ ಮಿಣುಕನ್ನು ಹೆಚ್ಚಿಸಿಕೊಂಡಿರುತ್ತಾನೆ!

ಕಾಣದ ಮಿಣುಕಿನಿಂದ ಕೇಡೇನು ಎಂಬ ಪ್ರಶ್ನೆ ಸಹಜವಾದುದೇ. ಇಂಗ್ಲೆಂಡಿನ ಮನೋವಿಜ್ಞಾನಿ ಆರ್ನಲ್ಡ್ ವಿಲ್ಕಿನ್ಸ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿಯ ಕಚೇರಿಗಳ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತಿದ್ದವು; ಕಣ್ಣಿಗೆ ಅದು ಕಾಣುವಂತಿರಲಿಲ್ಲ. ನೌಕರರಿಗೆ ಯಾವ ದೀಪ ಎಂತಹುದೆಂದು ತಿಳಿಸದೆ, ಅತಿವೇಗದ, ಅಂದರೆ ಬಹುಮಟ್ಟಿಗೆ ಮಿಣುಕಿಲ್ಲದ ಬೆಳಕನ್ನು ಒದಗಿಸಿ ನೋಡಲಾಯಿತು. ಅವರ ತಲೆನೋವು, ಕಣ್ಣುಬೇನೆ ಅರ್ಧಕ್ಕಿಂತಲೂ ಹೆಚ್ಚು ಇಳಿದವು. ಓದುವಾಗ ಕಣ್ಣು ಹರಿಯುವುದಿಲ್ಲ, ಪದದಿಂದ ಪದಕ್ಕೆ ಜಿಗಿಯುತ್ತದೆ. ಆ ಜಿಗಿತದ ನಡುವೆ ಸೆಕೆಂಡಿಗೆ 1000ಕ್ಕೂ ಮೀರಿದ ಮಿಣುಕು ಕೂಡ ಗೋಚರವಾಗಬಲ್ಲುದೆಂದು ವಿಲ್ಕಿನ್ಸರೂ ಅವರ ಸಂಗಡಿಗರೊಬ್ಬರೂ 2013ರಲ್ಲಿ ತೋರಿಸಿಕೊಟ್ಟರು. ಪರದೆಯ ಮುಂದೆ ಕುಳಿತರೆ ತಲೆ ಸಿಡಿಯುತ್ತದೆ ಎನ್ನುವವನ ಮಾತನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಹೀಗಾಗಿ ಸರಿಯಲ್ಲ.

ಹಾಗೆಂದು ಕಣ್ಣಿನ ಎಲ್ಲ ಆಯಾಸವನ್ನೂ ಮಿಣುಕಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಜಪಾನಿನ ಇಬ್ಬರು ವೈದ್ಯರು 1993ರಲ್ಲಿ ರೆಪ್ಪೆ ಬಡಿತವನ್ನು ಎಣಿಸಿ ನೋಡಿದರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸರಾಸರಿ 22 ಬಾರಿ ಬಡಿಯುತ್ತಿದ್ದ ರೆಪ್ಪೆ, ಪುಸ್ತಕ ಓದುವಾಗ 10 ಬಾರಿ, ಗಣಕದ ಪರದೆಯ ಮುಂದೆ 7 ಬಾರಿ ಮಾತ್ರ ಬಡಿಯಿತು. ರೆಪ್ಪೆ ಬಡಿಯದ ಕಣ್ಣು ಒಣಗುತ್ತದೆ, ಉರಿಯುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಮಿಂಚಾಟದ ಕಥೆಯೇ ಬೇರೆ. 1997ರ ಡಿಸೆಂಬರ್ 16ರಂದು ಜಪಾನಿನ ಟೆಲಿವಿಷನ್ನಿನಲ್ಲಿ ಮಕ್ಕಳ ವ್ಯಂಗ್ಯಚಿತ್ರವೊಂದು ಕೆಂಪು, ನೀಲಿ ಬೆಳಕನ್ನು ಸೆಕೆಂಡಿಗೆ ಸುಮಾರು 12 ಬಾರಿ ಮಿಂಚಿಸಿದಾಗ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಕೆಲವರಿಗೆ ಅಪಸ್ಮಾರದ ಸೆಳವೇ ಬಂದಿತ್ತು. ಪರದೆಯ ಕಾಣದ ಮಿಣುಕು ಅಷ್ಟು ಕ್ರೂರವಲ್ಲ. ಅದರಿಂದ ದೃಷ್ಟಿ ಶಾಶ್ವತವಾಗಿ ನಷ್ಟವಾಗುವುದೆಂಬುದಕ್ಕೆ ಪ್ರಮಾಣವಿಲ್ಲ. ನಷ್ಟವಾಗುವುದು ನೆಮ್ಮದಿ, ದಿನಕ್ಕೆ ಎಂಟು ಗಂಟೆ ಪರದೆಯನ್ನೇ ನಂಬಿ ಬಾಳುವವನಿಗೆ ಅದೇನೂ ಸಣ್ಣ ನಷ್ಟವಲ್ಲ.

ಪರದೆಯನ್ನು ಪರೀಕ್ಷಿಸುವುದು ಸುಲಭ. ಕೋಣೆಯ ದೀಪವನ್ನಾರಿಸಿ, ಪರದೆಯಲ್ಲಿ ಬರಿಯ ಬಿಳಿ ಪುಟವನ್ನಿರಿಸಿ, ಬೆಳಕನ್ನು ತಗ್ಗಿಸಿ, ಅದರ ಮುಂದೆ ಪೆನ್ಸಿಲೊಂದನ್ನು ಬೇಗಬೇಗನೆ ಅತ್ತಿತ್ತ ಆಡಿಸಬೇಕು. ಪೆನ್ಸಿಲು ನಯವಾದ ನೆರಳಿನಂತೆ ಹರಡಿಕೊಂಡರೆ ಬೆಳಕು ಸ್ಥಿರವಾಗಿದೆ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲುಗಳು ಕಂಡರೆ ಮಿಣುಕು ಇದೆ. ಅಂತಹ ಪರದೆಯನ್ನು ತೀರ ಮಬ್ಬು ಮಾಡದೆ, ಕೋಣೆಯಲ್ಲಿ ದೀಪವಿಟ್ಟುಕೊಂಡು ಬಳಸುವುದು ಲೇಸು. ಸೆಕೆಂಡಿಗೆ 3000ಕ್ಕೆ ಮೀರಿದ ಮಿಣುಕಿನಿಂದ ಬಾಧೆಯಿರದೆಂಬುದು ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಅಭಿಪ್ರಾಯ. ಮಿಣುಕಿಲ್ಲದ ಪರದೆಗಳೂ ಮಾರುಕಟ್ಟೆಯಲ್ಲಿವೆ. ಕೊಳ್ಳುವವರು ಕೇಳಿ ಕೊಳ್ಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸವೂ ಹಿತಕರ. ಇಷ್ಟಾದರೂ ನೋವು ನಿಲ್ಲದಿದ್ದಲ್ಲಿ ನೇತ್ರವೈದ್ಯರನ್ನು ಕಾಣಲೇಬೇಕು.

ಆದರೆ ಕನ್ನಡಕವನ್ನು ಎರಡನೆಯ ಸಲ ಬದಲಾಯಿಸಲು ಹೊರಡುವ ಮುನ್ನ, ಪರದೆಯನ್ನು ಒಂದು ಸಲ ಪರೀಕ್ಷಿಸಿ ನೋಡುವುದರಲ್ಲಿ ನಷ್ಟವೇನೂ ಇಲ್ಲ. ಅದಕ್ಕೆ ಬೇಕಾದುದು ಒಂದು ಪೆನ್ಸಿಲು ಮಾತ್ರ.