ಗೌರವಧನ ಎಂಬ ಪದದ ಲೆಕ್ಕ

ಉಚ್ಚಿಲದ ಕಡಲ ಬದಿಯ ಯಾವ ಓಣಿಯಲ್ಲಿ ಕೇಳಿದರೂ ಅಂಗನವಾಡಿಗೆ ದಾರಿ ತೋರಿಸುತ್ತಾರೆ. ಹಿರಿಯರಾದರೆ ‘ಬಾಲವಾಡಿಯಾ?’ ಎಂದು ತಿರುಗಿ ಕೇಳುತ್ತಾರೆ, ಹಳೆಯ ಹೆಸರು ನಾಲಿಗೆಯಿಂದ ಇನ್ನೂ ಇಳಿದಿಲ್ಲ. ಒಳಗಿರುವವರು ಊರಿಗೆಲ್ಲ ಟೀಚರ್. ಒಂದು ಮಗುವಿಗೆ ತುಳುವಿನಲ್ಲಿ ‘ನೀರ್ ಬೋಡಾ?’ ಎಂದು ಕೇಳಿ, ಬ್ಯಾರಿ ಮನೆಯ ಇನ್ನೊಂದರ ಮೂಗು ಒರೆಸಿ, ಎರಡನ್ನೂ ಕೂರಿಸಿಕೊಂಡು ಕನ್ನಡದ ಹಾಡು ಹೇಳಿಕೊಡುವವರನ್ನು ಬೇರೇನೆಂದು ಕರೆಯುವುದು? ಇಲಾಖೆಯ ಕಾಗದದಲ್ಲಿ ಮಾತ್ರ ಅವರು ಟೀಚರ್ ಅಲ್ಲ, ಕಾರ್ಯಕರ್ತೆ. ಅಡುಗೆ ಮಾಡಿ, ಗುಡಿಸಿ, ಮಕ್ಕಳನ್ನು ಮನೆಯಿಂದ ಕರೆತರುವವರು ಸಹಾಯಕಿ. ತಿಂಗಳಿಗೊಮ್ಮೆ ಇಬ್ಬರ ಖಾತೆಗೂ ಬೀಳುವ ಹಣದ ಹೆಸರು ಸಂಬಳವಲ್ಲ, ಗೌರವಧನ. ಕೇಳಲು ಸಂಬಳಕ್ಕಿಂತ ದೊಡ್ಡದು. ಕಾನೂನಿನ ಕಣ್ಣಲ್ಲಿ ಎಷ್ಟು ಚಿಕ್ಕದು ಎಂಬುದು ಇಲ್ಲಿಯ ವಿಷಯ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಆಗ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100, ಸಹಾಯಕಿಗೆ 35. ಊರಿನವರೇ ಆದ ಹೆಣ್ಣುಮಗಳೊಬ್ಬಳು ದಿನದಲ್ಲಿ ಕೆಲವು ಗಂಟೆ ಊರ ಮಕ್ಕಳ ಸೇವೆ ಮಾಡುತ್ತಾಳೆ, ಅದಕ್ಕೊಂದು ಕಾಣಿಕೆ ಎಂಬ ಎಣಿಕೆ ಅದು. ಕಾಣಿಕೆಯ ಆ ಭಾವ ಇವತ್ತಿಗೂ ಆದೇಶಗಳಿಂದ ಹೋಗಿಲ್ಲ. ಕೆಲಸ ಮಾತ್ರ ಬೆಳೆಯುತ್ತಲೇ ಬಂತು. ಮಕ್ಕಳ ತೂಕ, ಎತ್ತರ, ಗರ್ಭಿಣಿ ಬಾಣಂತಿಯರ ಊಟ, ಹಾಲು, ಮೊಟ್ಟೆ, ಚುಚ್ಚುಮದ್ದಿನ ದಿನದ ಓಡಾಟ, ಸಾಲದ್ದಕ್ಕೆ 2021ರಿಂದ ಇದನ್ನೆಲ್ಲ ಮೊಬೈಲಿನಲ್ಲಿ ದಾಖಲಿಸುವ ‘ಪೋಷಣ್ ಟ್ರ್ಯಾಕರ್’ ಆ್ಯಪ್. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ಅಂಗಳದ ತುದಿಗೆ ಹೋಗಿ ನಿಂತವರನ್ನು ನಾನು ನೋಡಿದ್ದೇನೆ. ಒಳಗೆ ಕುಕ್ಕರು ಕೂಗುತ್ತಿತ್ತು.

ಹಣ ಎಲ್ಲಿಂದ ಬರುತ್ತದೆ? ಕೇಂದ್ರ ನಿಗದಿ ಮಾಡಿದ ದರ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250. ಇದು 2018ರ ಅಕ್ಟೋಬರ್‌ನಿಂದ ಬಂದ ದರ, ಅದಕ್ಕೆ ಮುಂಚೆ 3,000 ಮತ್ತು 1,500 ಇತ್ತು. ಈ 4,500 ಕೂಡ ಪೂರ್ತಿ ದಿಲ್ಲಿಯದಲ್ಲ. ನೂರಕ್ಕೆ 60ರಂತೆ 2,700 ಮಾತ್ರ ಅಲ್ಲಿಯದು, ಮಿಕ್ಕ 1,800 ರಾಜ್ಯದ್ದು. ಅದರ ಮೇಲೆ ಎಷ್ಟು ಸೇರಿಸುತ್ತದೆ ಎಂಬುದು ಆಯಾ ರಾಜ್ಯದ ಇಷ್ಟ, ಹೀಗಾಗಿ ಒಂದೇ ಕೆಲಸಕ್ಕೆ ಗಡಿ ದಾಟಿದರೆ ಬೇರೆ ಹಣ. ಕರ್ನಾಟಕದಲ್ಲಿ ಬಜೆಟ್ ಭಾಷಣವೇ ಇವರ ವೇತನ ಆಯೋಗ. 2022ರ ಬಜೆಟ್ಟಿನಲ್ಲಿ ಸೇವೆ 20 ವರ್ಷ ದಾಟಿದ ಕಾರ್ಯಕರ್ತೆಯರಿಗೆ 1,500, ಹತ್ತರಿಂದ ಇಪ್ಪತ್ತರೊಳಗಿನವರಿಗೆ 1,250, ಉಳಿದವರಿಗೆ 1,000 ಹೆಚ್ಚಿಸುವುದಾಗಿ ಹೇಳಿದರು. 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಕೆ ಬಂತು. ತುಟ್ಟಿಭತ್ಯೆ ಎಂಬುದಿಲ್ಲ. ಬೆಲೆ ಏರಿದರೆ ಹಣ ತಾನಾಗಿ ಏರುವುದಿಲ್ಲ, ಬೀದಿಗೆ ಇಳಿದಾಗ ಏರುತ್ತದೆ. 2017ರ ಮಾರ್ಚ್‌ನಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದದ್ದು ಇದಕ್ಕೇ.

ಸರ್ಕಾರವೇ ಆರಿಸುತ್ತದೆ, ಸರ್ಕಾರವೇ ತೆಗೆಯುತ್ತದೆ, 60 ತುಂಬಿದಾಗ ನಿವೃತ್ತಿ ಎನ್ನುತ್ತದೆ. ಹಾಗಾದರೆ ಇವರು ಸರ್ಕಾರಿ ನೌಕರರೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕದಿಂದಲೇ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರ್ 7ರಂದು ತೀರ್ಪು ಬಂತು: ಅಂಗನವಾಡಿ ಕಾರ್ಯಕರ್ತೆಯದು ನಾಗರಿಕ ಸೇವೆಯ ಹುದ್ದೆಯಲ್ಲ, ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅವರು ಹೋಗುವಂತಿಲ್ಲ. ಅಲ್ಲಿಗೆ ‘ಗೌರವಧನ’ ಎಂಬ ಪದ ಗೆದ್ದಿತು.

ಅದು ಸೋಲಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು, ಸೋತದ್ದೂ ಅರ್ಧ ಮಾತ್ರ. ಗುಜರಾತಿನ ದಾಹೋದ್ ಜಿಲ್ಲೆಯ ನಿವೃತ್ತ ಕಾರ್ಯಕರ್ತೆ ಮಣಿಬೆನ್ ಮಗನ್‌ಭಾಯಿ ಭರಿಯಾ ಹೆಸರಿನ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಅಜಯ್ ರಸ್ತೋಗಿ ಕೊಟ್ಟ ತೀರ್ಪು, ನಿವೃತ್ತಿಯಾದಾಗ ಒಟ್ಟಿಗೆ ಹಣ ಕೊಡಿಸುವ 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯ ಎಂದಿತು. ಎರಡು ತೀರ್ಪುಗಳ ನಡುವೆ ಆದದ್ದೇನು? 2013ರ ಆಹಾರ ಭದ್ರತಾ ಕಾಯ್ದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಅಂಗನವಾಡಿಯ ಮೂಲಕ ಊಟ ಕೊಡುವುದು ಅಲ್ಲಿಂದ ಸರ್ಕಾರದ ಕಾನೂನುಬದ್ಧ ಹೊಣೆಯಾಯಿತು. ಕಾನೂನು ಹೊರಿಸಿದ ಹೊಣೆಯನ್ನು ಹೊತ್ತವರ ದುಡಿಮೆಯನ್ನು ಬಿಡುವಿನ ವೇಳೆಯ ಸೇವೆ ಎನ್ನಲು ಬರುವುದಿಲ್ಲ. ಅವರಿಗೆ ಕೊಡುವ ಹಣವನ್ನು ಏನೆಂದು ಕರೆದರೂ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಅದು ಕೂಲಿಯೇ. ನನಗೆ ಈ ವಾದ ಬಲು ಹಿಡಿಸಿತು. ಅನ್ನದ ಕಾನೂನು ಮಾಡಿದವರು ಅನ್ನ ಬೇಯಿಸುವವರ ಲೆಕ್ಕ ಅದರೊಳಗೇ ಇದೆ ಎಂದು ಎಣಿಸಿರಲಿಕ್ಕಿಲ್ಲ.

ಹಾಗೆಂದು ಇವರು ಸರ್ಕಾರಿ ನೌಕರರಾಗಲಿಲ್ಲ. ಪಿಂಚಣಿಯೂ ಇಲ್ಲ, ವೇತನ ಶ್ರೇಣಿಯೂ ಇಲ್ಲ. ದೊರೆತದ್ದು ಗ್ರಾಚ್ಯುಟಿಯ ಹಕ್ಕು. ಅದರ ಲೆಕ್ಕ ಹೀಗೆ: ಕೊನೆಯ ತಿಂಗಳ ಹಣವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ಗೌರವಧನ 13,000, ಸೇವೆ 25 ವರ್ಷ ಎಂದಿಟ್ಟುಕೊಳ್ಳಿ. 500, ನಂತರ 7,500, ಕೊನೆಗೆ 1,87,500 ರೂಪಾಯಿ. 2023ರ ಜನವರಿಯಲ್ಲಿ ಕರ್ನಾಟಕದ ಅಂಗನವಾಡಿ ನೌಕರರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಮುಂದಿಟ್ಟ ಬೇಡಿಕೆಗಳಲ್ಲಿ ಮುಖ್ಯವಾದದ್ದು ಇದೇ.

ಈ ಲೆಕ್ಕಕ್ಕೆ ಸೇವೆಗೆ ಸೇರಿದ ತಾರೀಕು ಬೇಕು. ನನಗೆ ಪರಿಚಯವಿರುವ ಸಹಾಯಕಿಯೊಬ್ಬರು ನೇಮಕದ ಆದೇಶವನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಗೋದ್ರೇಜಿನೊಳಗೆ ಇಟ್ಟಿದ್ದಾರೆ. ಕಡಲ ತೇವಕ್ಕೆ ಮಡಿಕೆಯ ಜಾಗದಲ್ಲಿ ಶಾಯಿ ಹರಡಿ ತಾರೀಕಿನ ಒಂದು ಅಂಕಿ ಅಳಿಸಿದೆ. “ಅಕ್ಕ, ಇದು ಮೂರೋ ಎಂಟೋ?” ಎಂದು ಕೇಳಿದೆ. “ನಮ್ಮ ದೊಡ್ಡವಳು ಹುಟ್ಟಿ ಎಂಟು ತಿಂಗಳಾಗಿತ್ತು, ಅವಳನ್ನು ಸೊಂಟದಲ್ಲಿ ಇಟ್ಟುಕೊಂಡೇ ಸಹಿ ಹಾಕಿದ್ದು” ಎಂದರು. ದೊಡ್ಡವಳ ಜನನ ಪತ್ರ ಹುಡುಕಲು ಮತ್ತೆ ಒಳಗೆ ಹೋದರು.