ಮೊದಲು ಕೆಳಗಿನ ನಳಿಗೆ

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಅಂದು ಮನೆಯ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ತುದಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಾರೆ. ಊಟವಾದ ಮೇಲೆ ಊರಿನ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಾಯಿ ಎಷ್ಟೇ ಎತ್ತರದಲ್ಲಿರಲಿ, ಕಟ್ಟಿದ ಜಾಗ ಬಿಟ್ಟು ಅದು ಕದಲುವುದಿಲ್ಲ. ಈಡುಗಾರ ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ಸಾವಕಾಶವಾಗಿ ಗುರಿ ಹಿಡಿಯಬಹುದು.

ಅದೇ ಕಾಯಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾರಿಹೋಗುತ್ತಿದ್ದರೆ? ಆಗ ಕೋವಿಯೂ ಬೇರೆ ಬೇಕು, ಹೊಡೆಯುವ ವಿದ್ಯೆಯೂ ಬೇರೆ ಬೇಕು. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಬಹುತೇಕ ಎಲ್ಲರ ಕೈಯಲ್ಲೂ ಒಂದೇ ಬಗೆಯ ಕೋವಿ ಕಾಣುತ್ತದೆ. ಅದರ ಎರಡು ನಳಿಗೆಗಳು ನಮ್ಮ ಹಳೆಯ ಜೋಡುನಳಿಗೆ ಕೋವಿಯಂತೆ ಅಕ್ಕಪಕ್ಕ ಇರುವುದಿಲ್ಲ, ಒಂದರ ಮೇಲೊಂದು ಕೂತಿರುತ್ತವೆ. ಹೆಸರೇ ಓವರ್-ಅಂಡರ್. ಯುರೋಪು, ಅಮೆರಿಕಗಳಲ್ಲಿ ಹಕ್ಕಿ ಬೇಟೆಗೂ ಇದನ್ನೇ ಒಯ್ಯುವವರು ಬಹಳ. ನೋಡಲು ಎರಡೂ ಒಂದೇ. ಆದರೆ ಪಂದ್ಯದ ಕೋವಿ ಬೇಟೆಗಾರನ ಹೆಗಲಿಗೆ ಹೊರೆ, ಬೇಟೆಯ ಕೋವಿ ಪಂದ್ಯಗಾರನ ಭುಜಕ್ಕೆ ಒದೆ. ಕೊಳ್ಳುವವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾದ್ದು ಎರಡು ಪ್ರಶ್ನೆ: ದಿನಕ್ಕೆ ಎಷ್ಟು ಈಡು ಹೊಡೆಯುತ್ತೇನೆ? ಎಷ್ಟು ದೂರ ನಡೆಯುತ್ತೇನೆ?

ಪಾರಿವಾಳದ ಬದಲು ಬಿಲ್ಲೆ

ಟ್ರ್ಯಾಪ್ ಎಂದರೆ ಬೋನು. ಇಂಗ್ಲೆಂಡಿನಲ್ಲಿ ಈ ಆಟ ಶುರುವಾದಾಗ ಬೋನಿನಿಂದ ಹಾರಿಬಿಟ್ಟ ಜೀವಂತ ಪಾರಿವಾಳಗಳೇ ಗುರಿಯಾಗಿದ್ದವು. 1900ರ ಪ್ಯಾರಿಸ್ ಕ್ರೀಡೆಗಳಲ್ಲೂ ಪಾರಿವಾಳ ಹೊಡೆಯುವ ಸ್ಪರ್ಧೆ ನಡೆದಿತ್ತು. ಅಷ್ಟರಲ್ಲಾಗಲೇ ಬದಲಿ ಬಂದಿತ್ತು. ಮೊದಲು ಗಾಜಿನ ಚೆಂಡುಗಳು, ಆಮೇಲೆ 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ರೂಪಿಸಿದ ಮಣ್ಣಿನ ಬಿಲ್ಲೆ. ಇಂದಿನ ಬಿಲ್ಲೆಗೆ ಮಣ್ಣು ಎಂಬುದು ಹೆಸರು ಮಾತ್ರ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನೊಡನೆ ಬೆರೆಸಿ ಅಚ್ಚು ಹಾಕುತ್ತಾರೆ. ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಬಿಲ್ಲೆಯನ್ನು ಹಾರಿಸುವ ಯಂತ್ರದ ಹೊಡೆತಕ್ಕೆ ಚೂರಾಗದಷ್ಟು ಗಟ್ಟಿ, ಮೂರ್ನಾಲ್ಕು ಚರೆ ತಗುಲಿದರೆ ಉದುರುವಷ್ಟು ಪೆಳಸು.

ಚರೆ ಎಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು. ಒಲಿಂಪಿಕ್ ನಿಯಮದಂತೆ ಒಂದು ತೋಟೆಯಲ್ಲಿ 24 ಗ್ರಾಂ ಚರೆ. ಟ್ರ್ಯಾಪ್‌ಗೆ ಒಗ್ಗುವ 2.4 ಮಿಲಿಮೀಟರ್ ಗಾತ್ರದ್ದಾದರೆ ಸುಮಾರು 300 ಕಾಳು. ಸ್ಕೀಟ್‌ಗೆ ಒಗ್ಗುವ 2 ಮಿಲಿಮೀಟರಿನದಾದರೆ 500 ದಾಟುತ್ತದೆ. ಕೋವಿಯ ಬಾಯಿ ಬಿಡುವಾಗ ಇವುಗಳ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಹಾಗಿದ್ದೂ ಗಾಳಿ ತಡೆಯುವುದರಿಂದ 35 ಮೀಟರ್ ತಲುಪಲು ಹೆಚ್ಚುಕಡಿಮೆ 0.12 ಸೆಕೆಂಡು ಬೇಕು. ಅಡ್ಡಡ್ಡ ಹಾಯುವ ಬಿಲ್ಲೆ ಅಷ್ಟರಲ್ಲಿ ಮೂರು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಈಡು ಹೊಡೆಯುವುದು ಬಿಲ್ಲೆ ಇರುವಲ್ಲಿಗಲ್ಲ, ಅದು ಬರಲಿರುವಲ್ಲಿಗೆ. ಇಲ್ಲಿ ಕೋವಿಯನ್ನು ನಿಲ್ಲಿಸಿ ಗುರಿ ಹಿಡಿದವನು ಕೆಟ್ಟ. ಬಿಲ್ಲೆಯ ಜೊತೆಗೇ ನಳಿಗೆಯನ್ನು ಬೀಸಿಕೊಂಡು ಹೋಗಿ, ಅದನ್ನು ದಾಟಿ, ಬೀಸು ನಿಲ್ಲಿಸದೆ ಟ್ರಿಗರ್ ಎಳೆಯಬೇಕು.

ಕೆಳಗಿನದು ಯಾಕೆ ಮೊದಲು?

ಚರೆ ಮುಂದಕ್ಕೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆ ಒದೆತ ನಳಿಗೆಯ ಗೆರೆಯಲ್ಲೇ ಬರುತ್ತದೆ, ಅದನ್ನು ತಡೆಯುವ ಭುಜ ಮಾತ್ರ ಆ ಗೆರೆಗಿಂತ ಕೆಳಗಿರುತ್ತದೆ. ಎರಡರ ನಡುವಿನ ಈ ಅಂತರ ಸನ್ನೆಯಂತೆ ಕೆಲಸ ಮಾಡಿ ಕೋವಿಯ ಮೂತಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅಂತರ ಹೆಚ್ಚಿದಷ್ಟೂ ಚಿಮ್ಮು ಹೆಚ್ಚು.

ಓವರ್-ಅಂಡರ್ ಕೋವಿಯ ಕೆಳನಳಿಗೆ ಮೇಲಿನದಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ತಗ್ಗಿನಲ್ಲಿದ್ದು, ಭುಜದ ನೇರಕ್ಕೆ ಹತ್ತಿರವಾಗುತ್ತದೆ. ಅದನ್ನು ಮೊದಲು ಹಾರಿಸಿದರೆ ಒದೆತ ಬಹುಮಟ್ಟಿಗೆ ನೆಟ್ಟಗೆ ಹಿಂದಕ್ಕೆ ಬರುತ್ತದೆ, ಮೂತಿ ಹೆಚ್ಚು ಏಳುವುದಿಲ್ಲ, ಕಣ್ಣು ಬಿಲ್ಲೆಯನ್ನು ಬಿಡುವುದಿಲ್ಲ. ಎರಡನೆಯ ಈಡು ತಟ್ಟನೆ ಸಾಧ್ಯವಾಗುತ್ತದೆ. ಮೇಲಿನದು ಕೊನೆಯ ಈಡು. ಅದಾದ ಮೇಲೆ ಮೂತಿ ಎಷ್ಟು ಎದ್ದರೆ ಯಾರಿಗೇನು! ಅಕ್ಕಪಕ್ಕ ನಳಿಗೆಯ ಕೋವಿಯಲ್ಲಿ ಪ್ರತಿ ನಳಿಗೆಯೂ ನಡುಗೆರೆಯಿಂದ ಓರೆಯಲ್ಲಿರುವುದರಿಂದ ಮೂತಿ ಮೇಲಕ್ಕಷ್ಟೇ ಅಲ್ಲ, ಬದಿಗೂ ಹೊರಳುತ್ತದೆ.

ಎರಡನೆಯ ಈಡಿನ ಬೆಲೆ ನಮ್ಮವರಿಗೆ ತಿಳಿಯದ್ದಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ. ಅಲ್ಲಿ ಎರಡು ಬಿಲ್ಲೆ ಒಟ್ಟಿಗೆ ಹಾರುತ್ತಿದ್ದವು, ನಳಿಗೆಗೊಂದರಂತೆ ಎರಡನ್ನೂ ಒಡೆಯಬೇಕಿತ್ತು.

ಒಂದೇ ಟ್ರಿಗರ್ ಎರಡು ನಳಿಗೆಗಳನ್ನೂ ಹಾರಿಸುವುದರ ಹಿಂದೆಯೂ ಒಂದು ಜಾಣತನವಿದೆ. ಹಲವು ಕೋವಿಗಳಲ್ಲಿ ಮೊದಲ ಈಡಿನ ಒದೆತವೇ ಒಳಗಿನ ಪುಟ್ಟ ತೂಕವೊಂದನ್ನು ಸರಿಸಿ ಟ್ರಿಗರನ್ನು ಎರಡನೆಯ ನಳಿಗೆಗೆ ಜೋಡಿಸುತ್ತದೆ. ಮೊದಲ ತೋಟೆ ಠುಸ್ ಎಂದರೆ ಒದೆತವಿಲ್ಲ. ಒದೆತವಿಲ್ಲದಿದ್ದರೆ ಎರಡನೆಯ ಈಡೂ ಇಲ್ಲ. ಒದೆತದ ಹಂಗಿಲ್ಲದೆ ಬರೀ ಸನ್ನೆಗಳಿಂದ ನಡೆಯುವ ಟ್ರಿಗರುಗಳೂ ಇವೆ. ಕೊಳ್ಳುವ ಮುನ್ನ ಇದು ಯಾವುದೆಂದು ಕೇಳುವುದು ಒಳ್ಳೆಯದು.

ತೂಕದ ಲೆಕ್ಕ

ಲಂಡನ್ನಿನ ಬಾಸ್ ಕಂಪನಿ 1909ರಲ್ಲೇ ಓವರ್-ಅಂಡರ್ ಕೋವಿಗೆ ಪೇಟೆಂಟ್ ಪಡೆದಿತ್ತಾದರೂ ಅದು ಸಿರಿವಂತರ ಸೊತ್ತಾಗಿ ಉಳಿಯಿತು. ಇದನ್ನು ಕಾರ್ಖಾನೆಯ ಸರಕಾಗಿಸಲು ಹೊರಟವನು ಅಮೆರಿಕದ ಜಾನ್ ಬ್ರೌನಿಂಗ್. 1926ರಲ್ಲಿ ಬೆಲ್ಜಿಯಂನ ಕಾರ್ಖಾನೆಯಲ್ಲೇ ಅವನು ತೀರಿಕೊಂಡ. ಉಳಿದ ಕೆಲಸ ಮುಂದುವರಿಸಿದವನು ಮಗ ವಾಲ್. ಆ ‘ಸೂಪರ್‌ಪೋಸ್ಡ್’ ಕೋವಿಯಲ್ಲಿ ನಳಿಗೆಗಳು ಮಡಚುವ ಕೀಲು ಅವುಗಳ ಅಡಿಯಲ್ಲಿತ್ತು. ಬೆರೆಟ್ಟಾ, ಪೆರಾಝಿಯಂಥ ಇಟಲಿಯ ತಯಾರಕರು ಕೀಲನ್ನು ನಳಿಗೆಯ ಎರಡು ಬದಿಗೆ ತಂದರು. ಇದರಿಂದ ಕೋವಿಯ ಹೊಟ್ಟೆ ತೆಳ್ಳಗಾಗಿ, ನಳಿಗೆಗಳು ಕೈಯ ಮಟ್ಟಕ್ಕೆ ಇನ್ನಷ್ಟು ಇಳಿದವು.

ಇನ್ನು ನಮ್ಮ ಎರಡು ಪ್ರಶ್ನೆಗಳು. ಟ್ರ್ಯಾಪ್‌ನ ಅರ್ಹತಾ ಸುತ್ತಿನಲ್ಲಿ 125 ಬಿಲ್ಲೆ, ಒಂದೊಂದಕ್ಕೆ ಎರಡು ಈಡಿನವರೆಗೆ ಅವಕಾಶ. ನಡಿಗೆ ಎಂದರೆ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ. ಅಮೆರಿಕದ ಸೌತ್ ಡಕೋಟದ ಫೆಸೆಂಟ್ ಬೇಟೆಗಾರನ ಕತೆ ತದ್ವಿರುದ್ಧ. ಚೀನಾದ ಕಡೆಯಿಂದ ತಂದು ಬಿಟ್ಟ ಈ ಹಕ್ಕಿ ಅಲ್ಲಿನ ಹುಲ್ಲುಗಾಡಿಗೆ ಎಷ್ಟು ಒಗ್ಗಿತೆಂದರೆ, 1919ರಲ್ಲಿ ಮೊದಲ ಬೇಟೆ ಹಂಗಾಮು ತೆರೆದ ಆ ರಾಜ್ಯಕ್ಕೆ ಈಗ ಅದೇ ರಾಜ್ಯಪಕ್ಷಿ. ಅಲ್ಲಿ ಒಬ್ಬನಿಗೆ ದಿನಕ್ಕೆ ಮೂರು ಹುಂಜ, ಅಷ್ಟೇ. ಆ ಮೂರಕ್ಕಾಗಿ ಆಳೆತ್ತರದ ಹುಲ್ಲಿನಲ್ಲಿ ದಿನವಿಡೀ ತುಳಿದಾಡಬೇಕು.

24 ಗ್ರಾಂ ಚರೆ, ಅದನ್ನು ಹೊತ್ತ ಪ್ಲಾಸ್ಟಿಕ್ ಬಟ್ಟಲು, ಮದ್ದಿನ ಅನಿಲ ಎಲ್ಲ ಸೇರಿ ಮುಂದಕ್ಕೊಯ್ಯುವ ಸಂವೇಗ ಸುಮಾರು 12 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್. ಅಷ್ಟೇ ಸಂವೇಗ ಕೋವಿಗೂ ಹಿಂದಕ್ಕೆ ಸಿಗುತ್ತದೆ. ಕೋವಿ 3.6 ಕಿಲೋ ಇದ್ದರೆ ಭುಜಕ್ಕೆ ಬೀಳುವ ಶಕ್ತಿ ಸುಮಾರು 20 ಜೂಲ್, 2.8 ಕಿಲೋ ಇದ್ದರೆ 26 ಜೂಲ್. ಮೂರು ಈಡಿಗೆ ಈ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ನೂರು ದಾಟಿದ ಮೇಲೆ ಭುಜ ಮುಂಚೆಯೇ ಕುಗ್ಗತೊಡಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ, ಬಿಲ್ಲೆ ತಪ್ಪುತ್ತದೆ.

ಉದ್ದದ್ದೂ ಇದೇ ಕತೆ. ಹಣ್ಣು ಕೀಳುವ ದೋಟಿ ಹಿಡಿದವರಿಗೆ ಗೊತ್ತು: ಉದ್ದದ ದೋಟಿ ತಿರುಗತೊಡಗಲು ಸತಾಯಿಸುತ್ತದೆ, ತಿರುಗಿದ ಮೇಲೆ ನಿಲ್ಲಲು ಒಪ್ಪುವುದಿಲ್ಲ. ಬೀಸು ನಡುವೆ ನಿಲ್ಲಬಾರದೆಂಬ ಟ್ರ್ಯಾಪ್‌ಗಾರನಿಗೆ ಈ ಹಟವೇ ಬೇಕು. ಅವನ ನಳಿಗೆ 30ರಿಂದ 32 ಇಂಚು. ಕಾಲಡಿಯಿಂದ ಬುರ್ರನೆ ಏಳುವ ಹಕ್ಕಿಗೆ ತಟ್ಟನೆ ತಿರುಗಬೇಕಾದವನಿಗೆ 26-28 ಇಂಚೇ ಹಿತ.

ಮುಷ್ಟಿಯ ಬಿಗಿ

ರಾಗಿ ಎರಚುವವನು ಮುಷ್ಟಿ ಸಡಿಲಿಸಿದರೆ ಕಾಳು ಹತ್ತಿರದಲ್ಲೇ ಹರಡುತ್ತದೆ, ಬಿಗಿ ಹಿಡಿದರೆ ಗುಂಪಾಗಿ ದೂರ ಹೋಗುತ್ತದೆ. ಕೋವಿಯಲ್ಲಿ ಈ ಮುಷ್ಟಿಯ ಕೆಲಸ ಚೋಕ್‌ನದು, ಅಂದರೆ ನಳಿಗೆಯ ತುದಿಯ ಕಿರಿದಾದ ಭಾಗದ್ದು. 12 ಬೋರಿನ ನಳಿಗೆಯ ಒಳ ಅಡ್ಡಳತೆ ಸುಮಾರು 18.5 ಮಿಲಿಮೀಟರ್. ತುದಿಯನ್ನು ಬರೀ ಒಂದು ಮಿಲಿಮೀಟರ್ ಕಿರಿದಾಗಿಸಿದರೆ ಅದು ಫುಲ್ ಚೋಕ್. 40 ಗಜ ದೂರದ 30 ಇಂಚಿನ ವೃತ್ತದೊಳಗೆ 70 ಪ್ರತಿಶತ ಚರೆ ಬೀಳುತ್ತದೆ. ಕಿರಿದಾಗಿಸದ ನಳಿಗೆಯದಾದರೆ ಬೀಳುವುದು 40 ಪ್ರತಿಶತ.

ಎರಡು ನಳಿಗೆಗೆ ಎರಡು ಬೇರೆ ಚೋಕ್ ಇಡಬಹುದಾದ್ದು ಈ ಕೋವಿಯ ದೊಡ್ಡ ಅನುಕೂಲ. ದೂರ ಸರಿಯುವ ಬಿಲ್ಲೆಗೆ ಮೊದಲ ಈಡು ಕೊಂಚ ಸಡಿಲ, ಎರಡನೆಯದು ಬಿಗಿ. 20 ಮೀಟರಿನ ಆಸುಪಾಸಿನಲ್ಲೇ ಮುಗಿಯುವ ಸ್ಕೀಟ್‌ಗೆ ಎರಡೂ ಸಡಿಲ. ಇಂಗ್ಲೆಂಡಿನಲ್ಲಿ ಆಳುಗಳು ಸೋವಿ ಎಬ್ಬಿಸಿದ ಹಕ್ಕಿ ಬೇಟೆಗಾರನ ಕಡೆಗೇ ಹಾರಿಬರುತ್ತದೆ. ಅಲ್ಲಿ ಮೊದಲ ಈಡೇ ದೂರದ್ದು. ಆಗ ಬಿಗಿಯಾದ ಮೇಲಿನ ನಳಿಗೆಯನ್ನು ಮೊದಲು ಹಾರಿಸುವಂತೆ ಗುಂಡಿ ಒತ್ತಿ ಬದಲಿಸಿಕೊಳ್ಳಬಹುದು.

ಬಾತುಬೇಟೆಗೆ ಇನ್ನೊಂದು ತಗಾದೆ. ಕೆರೆಯ ತಳಕ್ಕೆ ಬಿದ್ದ ಸೀಸದ ಚರೆಯನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುವುದು ಕಂಡಮೇಲೆ ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಯಲ್ಲಿ ಸೀಸವನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ಬದಲಿಗೆ ಬಂದ ಉಕ್ಕು ಹಗುರ, ಹಾಗಾಗಿ ದಪ್ಪ ಕಾಳು ಬೇಕು. ಜೊತೆಗೆ ಗಡಸು, ಹಾಗಾಗಿ ಬಿಗಿ ಚೋಕ್‌ನಲ್ಲಿ ಹಾರಿಸಿದರೆ ಹಳೆಯ ನಳಿಗೆ ಉಬ್ಬಬಹುದು.

ಹಿಂದಿನ ಗುರಿಮಣೆ ನಿಮ್ಮ ಕಣ್ಣು

ರೈಫಲ್‌ನಲ್ಲಿ ಹಿಂದೊಂದು ಮುಂದೊಂದು ಗುರಿಮಣೆ ಇರುತ್ತದೆ. ಚರೆಕೋವಿಯಲ್ಲಿ ಮುಂದೊಂದು ಮಣಿ ಮಾತ್ರ. ಹಿಂದಿನದರ ಕೆಲಸ ನಿಮ್ಮ ಕಣ್ಣಿನದು. ಕೆನ್ನೆ ಕೂರುವ ಮರದ ಎತ್ತರ ಮೂರು ಮಿಲಿಮೀಟರ್ ಹೆಚ್ಚಾದರೆ, ಒಂದು ಮೀಟರ್ ಮುಂದಿರುವ ಮಣಿಯ ಮೂಲಕ ಆ ತಪ್ಪು 35 ಮೀಟರಿನಲ್ಲಿ ಹತ್ತು ಸೆಂಟಿಮೀಟರಿಗೆ ಬೆಳೆಯುತ್ತದೆ. ಅದು ಹೆಚ್ಚುಕಡಿಮೆ ಒಂದು ಬಿಲ್ಲೆಯಷ್ಟು ಅಗಲ. ಪಂದ್ಯದ ಕೋವಿಗಳಲ್ಲಿ ಈ ಮರವನ್ನು ಏರಿಸಿ ಇಳಿಸುವ ಏರ್ಪಾಡಿರುವುದು ಇದಕ್ಕೇ.

ನಿಮ್ಮ ಯಾವ ಕಣ್ಣು ಯಜಮಾನ ಎಂದು ಈಗಲೇ ನೋಡಿಕೊಳ್ಳಬಹುದು. ಎರಡೂ ಕಣ್ಣು ತೆರೆದು ದೂರದ ಕಿಟಕಿಯ ಮೂಲೆಗೆ ಬೆರಳು ತೋರಿಸಿ. ಎಡಗಣ್ಣು ಮುಚ್ಚಿದಾಗ ಬೆರಳು ಅಲ್ಲೇ ನಿಂತರೆ ಬಲಗಣ್ಣು ಯಜಮಾನ. ಪಕ್ಕಕ್ಕೆ ಜಿಗಿದರೆ ಎಡಗಣ್ಣು. ಬಲಭುಜಕ್ಕೆ ಕೋವಿ ಊರುವ ಎಡಗಣ್ಣಿನವನು ಎಷ್ಟೇ ದುಬಾರಿ ಕೋವಿ ತಂದರೂ ಬಿಲ್ಲೆಯ ಪಕ್ಕಕ್ಕೇ ಹೊಡೆಯುತ್ತಾನೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನ ಹಕ್ಕಿಗೆ ಕೋವಿ ಎತ್ತುವುದು ಅಪರಾಧ. ಇಲ್ಲಿ ಈ ವಿದ್ಯೆ ಕಲಿಯುವವರಿಗೆ ಬಿಲ್ಲೆಯೇ ಹಕ್ಕಿ. ಆದ್ದರಿಂದ ನಮ್ಮ ಮಟ್ಟಿಗೆ ಎರಡೂ ಪ್ರಶ್ನೆಗಳಿಗೆ ಉತ್ತರ ಆಗಲೇ ಸಿಕ್ಕಿದೆ: ನಡಿಗೆ ಕಡಿಮೆ, ಈಡು ಹೆಚ್ಚು. ಅಂಗಡಿಯಲ್ಲಿ ಕೆತ್ತನೆಯ ಬೆಳ್ಳಿಬಣ್ಣಕ್ಕೆ ಮರುಳಾಗುವ ಮುನ್ನ, ಖಾಲಿಯೆಂದು ಮಡಚಿ ನೋಡಿದ ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೇರಿಸಿ. ಕಣ್ಣು ತೆರೆದಾಗ ನಳಿಗೆಯ ಬೆನ್ನಿನ ಮೇಲೆ ಮಣಿ ನೆಟ್ಟಗೆ ಕಂಡರೆ ಆ ಕೋವಿ ನಿಮ್ಮದು. ಮಣಿಯನ್ನು ಹುಡುಕಬೇಕಾಗಿ ಬಂದರೆ ಅದನ್ನು ಇನ್ಯಾರಿಗೋ ಬಿಟ್ಟುಬಿಡಿ.